ಹೆಸರಿಗೆ ಕಾವಲುಂಟು, ಆಕಾರಕ್ಕೆ ಯಾರು?

ಕೊಲ್ಹಾಪುರಿ ಚಪ್ಪಲಿ ಕೊಲ್ಹಾಪುರವೊಂದರದ್ದೇ ಅಲ್ಲ. ಅದರ ಭೌಗೋಳಿಕ ಸೂಚಕ (ಜಿಐ) ನೋಂದಣಿಯಲ್ಲಿ ಎಂಟು ಜಿಲ್ಲೆಗಳಿವೆ: ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರಾ ಮತ್ತು ನಮ್ಮ ಸೊಲ್ಲಾಪುರ, ಗಡಿಯಾಚೆ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ. ಹಾಗಾಗಿ ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟ ತಾಲೂಕಿನ ನಾಗಣಸೂರದ ಕನ್ನಡಿಗರಿಗೆ ಇದು ಎರಡೂ ಕಡೆಯಿಂದ ಮನೆಯ ವ್ಯಾಜ್ಯ.

2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನ ಫ್ಯಾಷನ್ ಶೋದಲ್ಲಿ ಇದೇ ಬಗೆಯ ಚಪ್ಪಲಿ ತೋರಿಸಿತು, ಮೂಲದ ಹೆಸರೆತ್ತಲಿಲ್ಲ. ಗದ್ದಲವೆದ್ದ ಮೇಲೆ ಆ ಮೂಲವನ್ನು ಒಪ್ಪಿಕೊಂಡಿತು. ಪ್ರಾಡಾ ವಿರುದ್ಧ ಬಾಂಬೆ ಹೈಕೋರ್ಟಿಗೆ ಹೋದ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಜುಲೈನಲ್ಲಿ ವಜಾ ಆಯಿತು. ಈ ಜಿಐನ ನೋಂದಾಯಿತ ಒಡೆಯರು ಮಹಾರಾಷ್ಟ್ರದ ಲಿಡ್ಕಾಮ್, ಕರ್ನಾಟಕದ ಲಿಡ್ಕರ್ ಎಂಬ ಚರ್ಮೋದ್ಯಮ ನಿಗಮಗಳು. ತಕರಾರಿದ್ದರೆ ಅವರೇ ಬರಬೇಕು ಎಂಬ ಕೋರ್ಟಿನ ನಿಲುವು ಸರಿಯೇ. ಒಡೆಯರು ಕೋರ್ಟು ಬಿಟ್ಟು ಪ್ರಾಡಾ ಜೊತೆ ಒಪ್ಪಂದಕ್ಕೆ ಕೂತದ್ದೇ ನನ್ನ ಆಕ್ಷೇಪ.

ಆಕಾರಕ್ಕೆ ಕಾನೂನಿನ ರಕ್ಷಣೆ ಸಿಗುವುದು ಕಷ್ಟ, ನಿಜ. 1999ರ ಟ್ರೇಡ್‌ಮಾರ್ಕ್ ಕಾಯ್ದೆ ಆಕಾರವನ್ನೂ ಗುರುತೆಂದು ಒಪ್ಪುತ್ತದೆ; ಆದರೆ ಆ ಆಕಾರ ಒಂದೇ ಮೂಲವನ್ನು ಸೂಚಿಸಬೇಕು, ಬರೀ ಕೆಲಸಕ್ಕೆ ಬೇಕಾದ ರೂಪವಾಗಿರಬಾರದು. ಡಿಸೈನ್ ಕಾಯ್ದೆಗೆ ಹೊಸತನ ಬೇಕು, ಅದರ ರಕ್ಷಣೆಯೂ 15 ವರ್ಷಕ್ಕೆ ಮುಗಿಯುತ್ತದೆ. ಮುತ್ತಜ್ಜನ ಕಾಲದಿಂದ ನೂರಾರು ಮನೆಗಳಲ್ಲಿ ಹೊಲಿದು ಬಂದ ಚಪ್ಪಲಿಗೆ ಅದರ ಹಿರಿತನವೇ ಅನರ್ಹತೆ. ಅದೇ ಜುಲೈನಲ್ಲಿ ಕ್ರಾಕ್ಸ್ ಕಂಪನಿ ತನ್ನ ಪಾದರಕ್ಷೆಯ ಆಕಾರಕ್ಕಾಗಿ ಭಾರತೀಯ ಕಂಪನಿಗಳ ವಿರುದ್ಧ ಹೂಡಿದ್ದ ದಾವೆಗಳಿಗೆ ದೆಹಲಿ ಹೈಕೋರ್ಟ್ ಮರುಜೀವ ಕೊಟ್ಟಿತು. ಒಂದು ಕಂಪನಿಯ ಆಕಾರದ ವಾದಕ್ಕೆ ಕೋರ್ಟಿನಲ್ಲಿ ಜಾಗವುಂಟು, ನಮ್ಮ ಸಮಗಾರರದ್ದಕ್ಕೆ ಏಕಿಲ್ಲ?

ದಾರಿಯಿದೆ. ಜಿಐ ಕಾಯ್ದೆಯ ಪ್ರಕಾರ ಸೂಚಕವೆಂದರೆ ಹೆಸರಷ್ಟೇ ಅಲ್ಲ, ಮೂಲ ಸೂಚಿಸುವ ಚಿತ್ರರೂಪವೂ ಹೌದು. ಸರಕನ್ನು ಮುಂದಿಡುವ ರೀತಿಯಿಂದಲೇ ಮೂಲದ ಬಗ್ಗೆ ತಪ್ಪು ತಿಳಿವಳಿಕೆ ಹುಟ್ಟಿಸಿದರೂ ಅದು ಉಲ್ಲಂಘನೆ. ಹೆಬ್ಬೆರಳ ಉಂಗುರ, ಎರಡು ಬದಿಯ ಕಿವಿ, ಹೆಣೆದ ಪಟ್ಟಿ, ಕೈಹೊಲಿಗೆಯ ಅಟ್ಟೆ, ಇವೆಲ್ಲ ಒಟ್ಟಿಗೆ ಕೂಡಿದ ರೂಪವನ್ನು ನೋಂದಾಯಿಸಲು ಕೇಳಬಹುದು. ಬೆರಳಿಗೆ ತೊಡಿಸುವ ಪ್ರತಿ ಚಪ್ಪಲಿಯನ್ನೂ ತಡೆದಂತಾಗುತ್ತದೆ ಎಂಬ ಭಯ ಬೇಡ. ನಮಗೆ ಬೇಕಿರುವುದು ಈ ಕೂಡಿಕೆಯಷ್ಟೇ. ಕೋರ್ಟ್ ಇದನ್ನು ಒಪ್ಪುತ್ತದೆಂಬ ಖಾತ್ರಿಯಿಲ್ಲ. ಆದರೆ ಕೇಳದವನಿಗೆ ಯಾವ ತೀರ್ಪೂ ಬರುವುದಿಲ್ಲ.

ಪ್ರಾಡಾ ಇಲ್ಲಿ 2,000 ಜೊತೆ ಮಾಡಿಸಿ, ಜೊತೆಯೊಂದಕ್ಕೆ ಸುಮಾರು 800 ಯೂರೋದಂತೆ ಮಾರುವುದೆಂದು 2025ರ ಡಿಸೆಂಬರ್‌ನಲ್ಲಿ ಒಪ್ಪಂದವಾಯಿತು. ಕುಶಲಕರ್ಮಿಗೆ ಕೂಲಿ, ತರಬೇತಿ ಸಿಕ್ಕರೆ ಸಂತೋಷವೇ. ಆದರೆ ಅದು ಒಂದು ಆರ್ಡರ್, ಹಕ್ಕಲ್ಲ. ನಾಳೆ ಇನ್ನೊಂದು ಕಂಪನಿ ಬಂದರೆ ಮತ್ತೆ ಅದೇ ಗದ್ದಲ. ಲಿಡ್ಕಾಮ್, ಲಿಡ್ಕರ್ ಜಂಟಿಯಾಗಿ ಚೆನ್ನೈನ ಜಿಐ ನೋಂದಣಿ ಕಚೇರಿಗೆ ಆಕಾರದ ಅರ್ಜಿ ಹಾಕಲಿ. ಎಂಟೂ ಜಿಲ್ಲೆಗಳ ಹೊಲಿಗೆಗಾರರನ್ನು ಅಧಿಕೃತ ಬಳಕೆದಾರರೆಂದು ತಮ್ಮ ಖರ್ಚಿನಲ್ಲೇ ನೋಂದಾಯಿಸಲಿ.