ತಂತ್ರಾಂಶ ಹಳತಾಗಬಹುದು, ಲೆಕ್ಕ ಕಾಣೆಯಾಗಬಾರದು

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10 ಕಾರ್ಯಾಚರಣ ವ್ಯವಸ್ಥೆಗೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಕೊನೆಗೊಳಿಸಿತು. ಕಾರವಾರ, ಅಂಕೋಲಾಗಳ ಅಂಗಡಿ, ಗೋದಾಮು, ಗೋಡಂಬಿ ಕಾರ್ಖಾನೆ, ಮಂಜುಗಡ್ಡೆ ಘಟಕಗಳಲ್ಲಿಯೂ ಹಳೆಯ ಗಣಕಯಂತ್ರಗಳನ್ನು ಬದಲಾಯಿಸುವ ಪ್ರಶ್ನೆ ಇದರಿಂದ ಎದುರಾಗಿದೆ. ಯಂತ್ರವನ್ನು ಕೊಳ್ಳುವುದು ಒಂದು ದಿನದ ಕೆಲಸ. ಆದರೆ ಇಪ್ಪತ್ತು ವರ್ಷಗಳ ಹಿಂದೆ ಬರೆಯಿಸಿದ ಬಿಲ್ಲಿಂಗ್ ತಂತ್ರಾಂಶವು ಹೊಸ ಯಂತ್ರದಲ್ಲಿ ತೆರೆಯಲೊಲ್ಲದೆ, ಅರ್ಥವಾಗದ ಇಂಗ್ಲಿಷ್ ಸಾಲೊಂದನ್ನು ತೋರಿಸಿ ನಿಂತುಬಿಟ್ಟಾಗ ವರ್ತಕನಿಗಾಗುವ ಗಾಬರಿ ಒಂದು ದಿನದಲ್ಲಿ ಮುಗಿಯುವಂಥದ್ದಲ್ಲ.

ಇದನ್ನು ಕೇವಲ ತಾಂತ್ರಿಕ ತೊಡಕೆಂದು ಬಗೆದು ರಿಪೇರಿಯವರ ಕೈಗೊಪ್ಪಿಸಿ ಸುಮ್ಮನಾಗುವುದು ನಮ್ಮಲ್ಲಿ ಬೆಳೆದುಬಂದಿರುವ ರೂಢಿ. ಈ ರೂಢಿಯನ್ನು ಬಿಡಬೇಕೆಂಬುದೇ ಪ್ರಸ್ತುತ ಲೇಖನದ ಆಶಯ. ಏಕೆಂದರೆ ಪರದೆಯ ಮೇಲೆ ಮೂಡುವ ಆ ದೋಷಸೂಚನೆ ನಮಗೆ ತಿಳಿಸುವ ನಿಜವಾದ ಸಂಗತಿ ಬೇರೆಯೇ ಇದೆ: ನಮ್ಮ ಲೆಕ್ಕವು ನಮ್ಮ ಮನೆಯಲ್ಲಿದ್ದರೂ ಅದರ ಬೀಗದ ಕೈ ನಮ್ಮಲ್ಲಿಲ್ಲ.

ನಮ್ಮ ಹಿರಿಯರು ಬಟ್ಟೆಗೆ ಹುಣಸೆಬೀಜದ ಸರಿ ಹಾಗೂ ಇದ್ದಿಲಪುಡಿಯನ್ನು ಲೇಪಿಸಿ, ಮಡಿಕೆಮಾಡಿ, ಬಳಪದಿಂದ ಲೆಕ್ಕ ಬರೆದಿಡುತ್ತಿದ್ದರು. ಅದಕ್ಕೆ ಕಡತವೆಂದು ಹೆಸರು. ಗಣಕಯಂತ್ರದ ಫೈಲಿಗೂ ಇಂದು ನಾವು ಅದೇ ಹೆಸರನ್ನು ಬಳಸುತ್ತೇವೆ. ಬಟ್ಟೆಯ ಕಡತವನ್ನು ಅಕ್ಷರ ಬಲ್ಲ ಯಾರಾದರೂ ನೂರು ವರ್ಷಗಳ ಅನಂತರವೂ ಬಿಡಿಸಿ ಓದಬಹುದು. ಗಣಕಯಂತ್ರದ ಕಡತವನ್ನು ಓದಲಿಕ್ಕೆ ಅಕ್ಷರಜ್ಞಾನ ಸಾಲದು. ಅದನ್ನು ಬರೆದ ತಂತ್ರಾಂಶವೂ, ಆ ತಂತ್ರಾಂಶಕ್ಕೆ ಒಪ್ಪುವ ಯಂತ್ರವೂ ಬೇಕು. ಈ ಮೂರರಲ್ಲಿ ಒಂದು ಕಳಚಿದರೂ ಲೆಕ್ಕ ಮೂಕವಾಗುತ್ತದೆ.

ಹಳೆಯ ತಂತ್ರಾಂಶ ಹೊಸ ಯಂತ್ರದಲ್ಲಿ ಏಕೆ ಓಡುವುದಿಲ್ಲವೆಂಬುದನ್ನು ವರ್ತಕರು ಸ್ಥೂಲವಾಗಿಯಾದರೂ ಅರಿತಿರುವುದು ಒಳಿತು. ಡಾಸ್ ಕಾಲದ ತಂತ್ರಾಂಶಗಳು, ಅಂದರೆ ಫಾಕ್ಸ್‌ಪ್ರೊ 2.6ರಲ್ಲಿ ಬರೆಯಿಸಿಕೊಂಡ ದಾಸ್ತಾನು ಲೆಕ್ಕಗಳು, ಟ್ಯಾಲಿ 4.5 ಮೊದಲಾದವು, 16 ಬಿಟ್ ಯುಗಕ್ಕೆ ಸೇರಿದವು. ವಿಂಡೋಸಿನ 32 ಬಿಟ್ ಆವೃತ್ತಿಗಳು ಅಂತಹವನ್ನು ಓಡಿಸುವ ಏರ್ಪಾಟನ್ನು ಉಳಿಸಿಕೊಂಡಿದ್ದವು. 64 ಬಿಟ್ ಆವೃತ್ತಿಗಳಲ್ಲಿ ಅದಿಲ್ಲ. 2021ರಲ್ಲಿ ಬಿಡುಗಡೆಯಾದ ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ. ಆದುದರಿಂದ ಎಷ್ಟು ಬಾರಿ ಮರುಸ್ಥಾಪಿಸಿದರೂ, ಯಾವ ಹೊಂದಾಣಿಕೆ ವಿಧಾನವನ್ನು ಆರಿಸಿದರೂ ಅವು ನೇರವಾಗಿ ಓಡಲಾರವು. ಕೆಲವೊಮ್ಮೆ ತಂತ್ರಾಂಶವು 32 ಬಿಟ್‌ನದಾಗಿದ್ದು, ಅದನ್ನು ಸ್ಥಾಪಿಸುವ ಕಾರ್ಯಕ್ರಮ ಮಾತ್ರ 16 ಬಿಟ್‌ನದಾಗಿರುವುದೂ ಉಂಟು.

ಇಂತಹ ಸಂದರ್ಭದಲ್ಲಿ ಹಳೆಯ ಯಂತ್ರವನ್ನು ಹೊಸ ಯಂತ್ರದೊಳಗೇ ಅನುಕರಿಸುವ ತಂತ್ರಾಂಶಗಳು ನೆರವಾಗುತ್ತವೆ. ಡಾಸ್‌ಬಾಕ್ಸ್ ಪ್ರಸಿದ್ಧವಾದರೂ ಅದು ಮುಖ್ಯವಾಗಿ ಆಟಗಳಿಗಾಗಿ ರಚಿತವಾದುದು. ವ್ಯವಹಾರದ ಉಪಯೋಗಕ್ಕೆ ವಿಡಾಸ್‌ನಂತಹವು ಹೆಚ್ಚು ಅನುಕೂಲ. ಅಲ್ಲಿಯೂ ಕೆಲವೊಮ್ಮೆ ‘ಸೊನ್ನೆಯಿಂದ ಭಾಗಾಕಾರ’ ಎಂಬ ದೋಷಸೂಚನೆ ಕಾಣಿಸಿಕೊಳ್ಳಬಹುದು. ಅದಕ್ಕೂ ನಮ್ಮ ಲೆಕ್ಕದ ಅಂಕಿಗಳಿಗೂ ಸಂಬಂಧವಿಲ್ಲ. ಆ ಕಾಲದ ತಂತ್ರಾಂಶಗಳು ಆರಂಭದಲ್ಲಿ ಯಂತ್ರದ ವೇಗವನ್ನು ಅಳೆಯುತ್ತಿದ್ದವು. ಇಂದಿನ ಯಂತ್ರ ಆ ಪರೀಕ್ಷೆಯನ್ನು ಎಷ್ಟು ಶೀಘ್ರವಾಗಿ ಮುಗಿಸುತ್ತದೆಂದರೆ ಕಳೆದ ಕಾಲವು ಸೊನ್ನೆಯೆಂದೇ ದಾಖಲಾಗುತ್ತದೆ. ಅನುಕರಣೆಯ ವೇಗವನ್ನು ತಗ್ಗಿಸಿದರೆ ಈ ದೋಷ ನಿವಾರಣೆಯಾಗುವುದುಂಟು. ಹಾಗೆಯೇ ನೂರಾರು ಜಿಬಿ ಜಾಗ ಬರಿದಾಗಿದ್ದರೂ ‘ಡಿಸ್ಕಿನಲ್ಲಿ ಸ್ಥಳವಿಲ್ಲ’ ಎಂಬ ಸೂಚನೆ ಬರುವುದು, ಎರಡು ಜಿಬಿಗಿಂತ ದೊಡ್ಡ ಸಂಖ್ಯೆಯನ್ನು ಎಣಿಸಲು ಆ ತಂತ್ರಾಂಶಕ್ಕೆ ಬಾರದ ಕಾರಣದಿಂದ.

ದೋಷಸೂಚನೆ ತೋರಿಸುವ ತಂತ್ರಾಂಶಕ್ಕಿಂತ ಮೌನವಾಗಿರುವ ತಂತ್ರಾಂಶವೇ ಹೆಚ್ಚು ಅಪಾಯಕಾರಿ. ವಿಂಡೋಸ್ ವಿಸ್ತಾದ ಕಾಲದಿಂದ, ಅಂದರೆ 2007ರಿಂದೀಚೆಗೆ, ಪ್ರೋಗ್ರಾಂ ಫೈಲ್ಸ್ ಎಂಬ ಕೋಶದೊಳಗೆ ಸಾಮಾನ್ಯ ಬಳಕೆದಾರರು ಬರೆಯುವಂತಿಲ್ಲ. ಆದರೆ ಹಳೆಯ ತಂತ್ರಾಂಶಗಳು ತಮ್ಮ ದತ್ತಾಂಶವನ್ನು ಅಲ್ಲಿಯೇ ಇಡಲು ಯತ್ನಿಸುತ್ತವೆ. ಆಗ ವಿಂಡೋಸ್ ಯಾವ ಸದ್ದೂ ಮಾಡದೆ ಆ ಬರಹವನ್ನು ವರ್ಚುವಲ್‌ಸ್ಟೋರ್ ಎಂಬ ಮರೆಯ ಕೋಶಕ್ಕೆ, ಒಬ್ಬೊಬ್ಬ ಬಳಕೆದಾರನಿಗೆ ಒಂದೊಂದರಂತೆ, ತಿರುಗಿಸಬಹುದು. ಪರಿಣಾಮವಾಗಿ ಒಂದೇ ಯಂತ್ರದಲ್ಲಿ ಮಾಲೀಕರಿಗೆ ಒಂದು ಲೆಕ್ಕ, ಗುಮಾಸ್ತರಿಗೆ ಇನ್ನೊಂದು ಲೆಕ್ಕ ಕಾಣಿಸುತ್ತದೆ. ಮೂಲ ಕೋಶವನ್ನು ಮಾತ್ರ ಪ್ರತಿಮಾಡಿಟ್ಟವರ ಕೈಯಲ್ಲಿ ಉಳಿಯುವುದು ಹಳೆಯ ಅಂಕಿಗಳಷ್ಟೇ. ಹಳೆಯ ತಂತ್ರಾಂಶವನ್ನು ಬಳಸಲೇಬೇಕಾದವರು ಅದನ್ನು ಪ್ರತ್ಯೇಕ ಕೋಶದಲ್ಲಿ ಸ್ಥಾಪಿಸಿಕೊಳ್ಳುವುದು ಕ್ಷೇಮ.

ಕನ್ನಡದಲ್ಲಿ ವ್ಯವಹರಿಸುವವರಿಗೆ ಇನ್ನೂ ಒಂದು ತೊಂದರೆಯುಂಟು. ಯೂನಿಕೋಡ್ ರೂಢಿಗೆ ಬರುವ ಮುನ್ನ ನುಡಿ, ಬರಹ, ಶ್ರೀಲಿಪಿಗಳಲ್ಲಿ ಬೆರಳಚ್ಚು ಮಾಡಿದ ಪತ್ರ, ದರಪಟ್ಟಿ, ಲೇಬಲ್ಲುಗಳು ಆಯಾ ಅಕ್ಷರವಿನ್ಯಾಸವಿಲ್ಲದ ಹೊಸ ಯಂತ್ರದಲ್ಲಿ ಲ್ಯಾಟಿನ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣಿಸುತ್ತವೆ. ಕಡತ ಕೆಟ್ಟಿತೆಂದು ಅಳಿಸಿಹಾಕಬಾರದು. ಒಳಗಿನ ಬರಹ ಸುರಕ್ಷಿತವಾಗಿಯೇ ಇರುತ್ತದೆ. ಪರಿವರ್ತಕ ತಂತ್ರಾಂಶದ ಮೂಲಕ ಯೂನಿಕೋಡಿಗೆ ತಂದುಕೊಂಡರೆ ಮುಂದೆ ಯಾವ ಯಂತ್ರದಲ್ಲಾದರೂ ಓದಬಹುದು.

ಇಷ್ಟೆಲ್ಲ ಗೊಡವೆ ಏಕೆ, ಹಳೆಯ ಯಂತ್ರವನ್ನೇ ಮೂಲೆಯಲ್ಲಿ ಇಟ್ಟುಕೊಂಡರಾಯಿತಲ್ಲ ಎಂಬ ವಾದವನ್ನು ಅಲ್ಲಗಳೆಯುವಂತಿಲ್ಲ. ಸಣ್ಣ ಬಂಡವಾಳದವರಿಗೆ ಓಡುತ್ತಿರುವುದನ್ನು ಕೆಡಿಸದಿರುವುದೇ ಮಿತವ್ಯಯ. ಆದರೆ ಕಡಲ ತಡಿಯ ಊರಿನಲ್ಲಿ ಈ ವಾದ ಬಹುಕಾಲ ನಿಲ್ಲದು. ಗಾಳಿಯೊಡನೆ ಬರುವ ಉಪ್ಪಿನ ಕಣಗಳು ತೇವವನ್ನು ಹೀರಿ ತಾಮ್ರದ ಸಂಪರ್ಕಗಳನ್ನು ತಿನ್ನುತ್ತವೆ. ಮಳೆಗಾಲದಲ್ಲಿ ಮುಚ್ಚಿಟ್ಟ ಯಂತ್ರಕ್ಕೆ ಇದು ಇನ್ನೂ ಬೇಗ ತಗಲುತ್ತದೆ. ಒಳಗಿನ ನಾಣ್ಯದಾಕಾರದ ಬ್ಯಾಟರಿ ತೀರಿದರೆ ಗಡಿಯಾರವು ಯಾವುದೋ ಹಳೆಯ ದಿನಾಂಕಕ್ಕೆ ಹಿಂದಿರುಗಿ, ಅದೇ ದಿನಾಂಕದ ಬಿಲ್ಲುಗಳು ಹೊರಬರುತ್ತವೆ. ಐಡಿಇ ಡಿಸ್ಕು, ಪ್ಯಾರಲಲ್ ಪೋರ್ಟಿನ ಬೀಗ ಇವುಗಳಿಗೆ ಬದಲಿ ಭಾಗ ದೊರೆಯುವುದು ದಿನೇ ದಿನೇ ದುರ್ಲಭವಾಗುತ್ತಿದೆ.

2024ರ ಆಗಸ್ಟ್ 7ರಂದು, ನಡುರಾತ್ರಿ ಕಳೆದ ಹೊತ್ತಿನಲ್ಲಿ, ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿದ್ದುದು ನಮ್ಮೆಲ್ಲರಿಗೂ ತಿಳಿದಿದೆ. ಗೋವೆಯೊಡನೆ ನಮ್ಮ ವ್ಯಾಪಾರ ಕಡಿದುಹೋಗದಿದ್ದುದಕ್ಕೆ ಪಕ್ಕದಲ್ಲಿಯೇ ಹೊಸ ಸೇತುವೆ ಸಿದ್ಧವಿದ್ದುದೇ ಕಾರಣ. ಹಳೆಯದು ನಿಂತಿರುವಾಗಲೇ ಹೊಸದನ್ನು ಕಟ್ಟಿಕೊಳ್ಳಬೇಕೆಂಬ ಈ ವಿವೇಕ ಲೆಕ್ಕಪತ್ರಗಳಿಗೂ ಸಲ್ಲುತ್ತದೆ. ಅನುಕರಣೆಯ ತಂತ್ರಾಂಶವಾಗಲಿ, ಮೂಲೆಯ ಹಳೆಯ ಯಂತ್ರವಾಗಲಿ ದಾಟುವ ಅವಧಿಗೆ ಸಾಕು, ಶಾಶ್ವತ ನೆಲೆಯಲ್ಲ.

ಕಾನೂನಿನ ಮಾತೂ ಇದೆ. ಜಿಎಸ್‌ಟಿ ಕಾಯಿದೆಯ 36ನೆಯ ಕಲಮಿನಂತೆ ಆಯಾ ವರ್ಷದ ವಾರ್ಷಿಕ ವಿವರಪಟ್ಟಿ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪುಸ್ತಕಗಳನ್ನು ಕಾಪಾಡಬೇಕು. 2023-24ರ ಲೆಕ್ಕವನ್ನು 2030ರ ಡಿಸೆಂಬರ್ 31ರವರೆಗೆ ಇಡಬೇಕೆಂದಾಯಿತು. ಮೇಲ್ಮನವಿ ನಡೆಯುತ್ತಿದ್ದರೆ ಆ ಅವಧಿ ಇನ್ನೂ ಮುಂದೆ ಹೋಗಬಹುದು. ನೋಂದಾಯಿತ ಕಂಪನಿಗಳಿಗೆ 2013ರ ಕಂಪನಿ ಕಾಯಿದೆಯು ಎಂಟು ಆರ್ಥಿಕ ವರ್ಷಗಳ ಹೊಣೆ ಹೊರಿಸಿದೆ. ವಿದ್ಯುನ್ಮಾನ ಲೆಕ್ಕವಾದರೆ ಅದರ ಬದಲಿ ಪ್ರತಿಯಿರಬೇಕು, ಕೇಳಿದಾಗ ಓದಬಲ್ಲ ರೂಪದಲ್ಲಿ ಹಾಜರುಪಡಿಸಬೇಕು ಎಂದು ಜಿಎಸ್‌ಟಿ ನಿಯಮ 57 ವಿಧಿಸುತ್ತದೆ. ಈ ಹೊಣೆ ತಂತ್ರಾಂಶ ಬರೆದುಕೊಟ್ಟವನದಲ್ಲ, ವರ್ತಕನದು. ಕಾನೂನಿನ ಅವಧಿ ಮುಗಿದ ಮೇಲೂ ಪಾಲುದಾರಿಕೆ ವಿಂಗಡಿಸುವಾಗ, ಕಟ್ಟಡ ಮಾರಿ ಅದರ ಮೂಲಬೆಲೆ ತೋರಿಸಬೇಕಾದಾಗ ಹಳೆಯ ಪುಟವೇ ಆಧಾರ. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದಾಗ ಹೊಸ ತಂತ್ರಾಂಶ ಕೊಂಡು, ಹಿಂದಿನ ಲೆಕ್ಕವನ್ನು ಹಳೆಯದರಲ್ಲಿಯೇ ಬಿಟ್ಟವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಹಾಗಾದರೆ ಮಾಡಬೇಕಾದುದೇನು? ಹಳೆಯ ಯಂತ್ರ ಇನ್ನೂ ಓಡುತ್ತಿರುವಾಗಲೇ ಡಿಸ್ಕಿನ ಪೂರ್ಣ ಪ್ರತಿಯನ್ನು ತೆಗೆಯಬೇಕು. ದುರಸ್ತಿಯ ಪ್ರಯತ್ನಗಳೆಲ್ಲ ಪ್ರತಿಯ ಮೇಲೆ ನಡೆಯಲಿ, ಮೂಲದ ಮೇಲಲ್ಲ. ಬಳಿಕ ಖಾತೆಗಳನ್ನು ಸಿಎಸ್‌ವಿಯಂತಹ ಸರಳ ರೂಪಕ್ಕೆ ಹೊರತೆಗೆಯಬೇಕು. ಫಾಕ್ಸ್‌ಪ್ರೊದ ಡಿಬಿಎಫ್ ಕಡತಗಳನ್ನು ಉಚಿತವಾಗಿ ದೊರೆಯುವ ಲಿಬ್ರೆಆಫೀಸ್ ಇಂದಿಗೂ ತೆರೆಯುತ್ತದೆ. ಅಂದರೆ ತಂತ್ರಾಂಶ ಸತ್ತರೂ ದತ್ತಾಂಶ ಜೀವಂತವಿರುತ್ತದೆ. ಟ್ಯಾಲಿಯ ಹಳೆಯ ಆವೃತ್ತಿಗಳಿಂದ ಇಂದಿನ ಟ್ಯಾಲಿಪ್ರೈಮಿಗೆ ಒಮ್ಮೆಲೇ ಜಿಗಿಯದೆ ನಡುವಣ ಆವೃತ್ತಿಯ ಮೆಟ್ಟಿಲು ಹತ್ತಬೇಕು. ವರ್ಷವಾರು ಟ್ರಯಲ್ ಬ್ಯಾಲೆನ್ಸನ್ನು ಹಳೆಯದರಲ್ಲಿಯೂ ಹೊಸದರಲ್ಲಿಯೂ ತೆಗೆದು ಪೈಸೆಗೆ ಪೈಸೆ ತಾಳೆ ನೋಡುವವರೆಗೆ ಹಳೆಯದನ್ನು ಅಳಿಸಕೂಡದು. ಖಾತೆಗಳ ಪಿಡಿಎಫ್ ಪ್ರತಿಯೊಂದು ಇರಲಿ. 2019ರ ಆಗಸ್ಟಿನಲ್ಲಿ ಕಾಳಿ, ಗಂಗಾವಳಿಗಳ ನೆರೆಯನ್ನು ಕಂಡ ನಮಗೆ, ಪ್ರತಿಗಳೆಲ್ಲ ಒಂದೇ ಕಟ್ಟಡದಲ್ಲಿರಬಾರದೆಂದು ಬೇರೆ ಹೇಳಬೇಕಿಲ್ಲ.

ಹೊಸ ತಂತ್ರಾಂಶ ಕೊಳ್ಳುವಾಗ ಬೆಲೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ನಾಳೆ ನಾನು ನಿಮ್ಮನ್ನು ಬಿಟ್ಟರೆ ನನ್ನ ಲೆಕ್ಕವನ್ನೆಲ್ಲ ಯಾವ ರೂಪದಲ್ಲಿ ಮರಳಿಸುವಿರಿ? ಉತ್ತರವನ್ನು ಬರಹದಲ್ಲಿ ಪಡೆಯಬೇಕು. ಸ್ಥಳೀಯರಿಂದ ಬರೆಯಿಸಿಕೊಳ್ಳುವವರು ಮೂಲಸಂಕೇತದ ಪ್ರತಿಯನ್ನೂ ಕೇಳಿ ಇಟ್ಟುಕೊಳ್ಳಲಿ.

ಇದನ್ನೆಲ್ಲ ಒಬ್ಬೊಬ್ಬರೇ ಮಾಡಲು ಹೊರಟರೆ ವೆಚ್ಚವೂ ಹೆಚ್ಚು, ಉದಾಸೀನವೂ ಹೆಚ್ಚು. ಹಳೆಯ ಡಿಸ್ಕು, ಫ್ಲಾಪಿಗಳನ್ನು ಓದುವ ಸಾಧನಗಳು, ಅನುಕರಣ ತಂತ್ರಾಂಶ ಅಳವಡಿಸಿದ ಒಂದು ಯಂತ್ರ, ನಂಬಿಕಸ್ಥ ತಂತ್ರಜ್ಞ ಇಷ್ಟನ್ನು ಸಂಘವು ಸಾಮೂಹಿಕವಾಗಿ ಒದಗಿಸಿ, ಒಂದು ತಿಂಗಳು ಕಾರವಾರದಲ್ಲಿ, ಮರುತಿಂಗಳು ಅಂಕೋಲಾದಲ್ಲಿ ಶಿಬಿರ ನಡೆಸಿದರೆ ಸದಸ್ಯರಿಗೆ ದೊಡ್ಡ ಉಪಕಾರವಾದೀತು. ಸದಸ್ಯರ ಲೆಕ್ಕದ ಗೌಪ್ಯಕ್ಕೆ ಧಕ್ಕೆ ಬಾರದಂತೆ ಕೆಲಸವೆಲ್ಲ ಆಯಾ ಮಾಲೀಕರ ಸಮ್ಮುಖದಲ್ಲಿಯೇ ನಡೆಯಲಿ. ಬರುವ ಮಾರ್ಚ್ 31ರ ಲೆಕ್ಕಮುಕ್ತಾಯಕ್ಕೆ ಮುನ್ನ ಇದು ಆರಂಭವಾಗಬೇಕೆಂದು ಕಾರ್ಯಕಾರಿ ಸಮಿತಿಯನ್ನೂ ಸದಸ್ಯ ಬಂಧುಗಳನ್ನೂ ವಿನಂತಿಸುತ್ತೇನೆ.