ಹಿಂದಿನ ಸೀಟು



ಈ ಸಲದ ರಾಜ್ಯೋತ್ಸವದ ದಿನ ಕೊಚ್ಚಿಯಲ್ಲಿ ನಮ್ಮ ಸಭಾಂಗಣದ ಹೊರಗೆ ಒಂದು ಕಾರು ಗುಡುಗುತ್ತಾ ಬಂದು ನಿಂತದ್ದು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಒಳಗೆ ನಾಡಗೀತೆ ಹಾಡುತ್ತಿದ್ದ ಹೆಣ್ಣುಮಕ್ಕಳು ಒಂದು ಕ್ಷಣ ತಡವರಿಸಿದರು. ಕಾರಿನಿಂದ ಇಳಿದವನು ನಮ್ಮವರೇ ಒಬ್ಬರ ಮಗ. ಊಟದ ಸಾಲಿನಲ್ಲಿ ನನ್ನ ಪಕ್ಕ ಕೂತು, "ಅಂಕಲ್, ನೀವೂ ಆಗ ಕಾರನ್ನ ರೇಸ್ ಕಾರ್ ಥರ ಮಾಡ್ಸಿದ್ರಂತೆ? ನಮ್ಮಪ್ಪನಿಗೆ ಸ್ವಲ್ಪ ಹೇಳಿ" ಎಂದ. ಅವನ ಅಪ್ಪನಿಗಿಂತ ಮೊದಲು ಅವನಿಗೇ ಹೇಳಬೇಕಾದದ್ದು ಒಂದಿತ್ತು. ಎಲೆಯ ಮುಂದೆ ಕೂತು ಹೇಳುವ ವಿಷಯವಲ್ಲ. ಅದಕ್ಕೇ ಈ ತಿಂಗಳ ಅಂಕಣ.

ನನ್ನದು ಸಿಪಾನಿ ಡಾಲ್ಫಿನ್. (ಕೊಚ್ಚಿ ಅಳಿವೆಯಲ್ಲಿ ಕಾಣುವ ಡಾಲ್ಫಿನ್ ಅಲ್ಲ!) 1982ರ ಸುಮಾರಿಗೆ ಬೆಂಗಳೂರಿನ ಸಿಪಾನಿ ಆಟೋಮೊಬೈಲ್ಸ್ ಹೊರತಂದ ಎರಡು ಬಾಗಿಲಿನ ಪುಟ್ಟ ಕಾರು. ಮೂಲ ಇಂಗ್ಲೆಂಡಿನ ರಿಲಯಂಟ್ ಕಿಟನ್. 848 ಸಿ.ಸಿ.ಯ ಅಲ್ಯೂಮಿನಿಯಂ ಎಂಜಿನ್, ಹಿಂದಿನ ಚಕ್ರಗಳಿಗೆ ಎಳೆತ, ಮೈಯೆಲ್ಲ ಫೈಬರ್ ಗ್ಲಾಸ್. ಜನ "ಪ್ಲಾಸ್ಟಿಕ್ ಡಬ್ಬಿ" ಎಂದು ನಕ್ಕರು. ಆದರೆ ಅಂಬಾಸಡರ್ ಒಂದು ಟನ್ನಿಗೂ ಮೀರಿ ತೂಗುತ್ತಿದ್ದ ಕಾಲದಲ್ಲಿ ಇದು ಹೆಚ್ಚುಕಡಿಮೆ ಅದರ ಅರ್ಧ ತೂಕದ್ದು. ಆ ಹಗುರತನದಿಂದಲೇ ರ‍್ಯಾಲಿಗಳಲ್ಲಿ, ಮದ್ರಾಸಿನ ಹತ್ತಿರದ ಶೋಲಾವರಂ ರೇಸುಗಳಲ್ಲಿ ಡಾಲ್ಫಿನ್ ಹೆಸರು ಮಾಡಿತು. ನಿಜವಾದ ಸ್ಪೋರ್ಟ್ಸ್ ಕಾರನ್ನು ನಾವು ಕಂಡದ್ದು ಸಿನಿಮಾದಲ್ಲಿ ಮಾತ್ರ. ಬೆಂಗಳೂರಿನದೇ ಆದ ಸ್ಯಾನ್ ಮೋಟರ್ಸ್‌ನ ಎರಡು ಸೀಟಿನ ಸ್ಯಾನ್ ಸ್ಟಾರ್ಮ್ ಬಂದದ್ದು 1990ರ ದಶಕದ ಕೊನೆಗೆ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಡಾಲ್ಫಿನ್ ಕೇಳುವವರು ಕಡಿಮೆಯಾದರು. ಹಾಗಾಗಿ 1986ರಲ್ಲಿ ನನ್ನಂಥ ಸಂಬಳದವನಿಗೂ ಹಳೆಯದೊಂದು ಎಟುಕಿತು.

ಬೆಂಗಳೂರಿನಿಂದ ಕೊಚ್ಚಿಗೆ ತಂದು ಒಂದು ವರ್ಷ ಅದರ ಮೈ ಬಿಚ್ಚುವುದೇ ನನ್ನ ಭಾನುವಾರದ ಕೆಲಸ. ಹೆಡ್ ಫೇಸಿಂಗ್ ಮಾಡಿಸಿ ಕಂಪ್ರೆಷನ್ ಏರಿಸಿದೆ. ದೊಡ್ಡ ಕಾರ್ಬುರೇಟರ್ ಕೂರಿಸಿದೆ. ಸೈಲೆನ್ಸರ್ ಬದಲಾಯಿಸಿದೆ, ಅದರ ಸದ್ದು ನಮ್ಮ ಬೀದಿಗೆಲ್ಲ ಪರಿಚಿತವಾಯಿತು. ಮುಂದಿನ ಸ್ಪ್ರಿಂಗುಗಳ ಒಂದೊಂದು ಸುತ್ತು ಕತ್ತರಿಸಿ ಕಾರನ್ನು ತಗ್ಗಿಸಿದೆ. ಅಗಲದ ಟೈರು ಹಾಕಿದೆ. ಇನ್ನೂ ಹಗುರವಾಗಲಿ ಎಂದು ಹಿಂದಿನ ಸೀಟನ್ನು ಕಿತ್ತು ಅಟ್ಟಕ್ಕೆ ಹಾಕಿದೆ. ಬ್ರೇಕನ್ನು ಮಾತ್ರ ಮುಟ್ಟಲಿಲ್ಲ. ನಾಲ್ಕೂ ಚಕ್ರಕ್ಕೆ ಸಣ್ಣ ಡ್ರಮ್ ಬ್ರೇಕು. ಕಂಪೆನಿ ಕೊಟ್ಟದ್ದು ಸಾಕೆಂದುಕೊಂಡೆ.

1987ರ ನವೆಂಬರ್. ತಿರುವನಂತಪುರದ ಕನ್ನಡ ಬಂಧುಗಳು ರಾಜ್ಯೋತ್ಸವಕ್ಕೆ ಕರೆದಿದ್ದರು. ಇನ್ನೂರು ಕಿಲೋಮೀಟರಿಗೂ ಮಿಕ್ಕ ದಾರಿ. ನನ್ನಾಕೆಯ ಕಾಲ ಬಳಿ ಹೋಳಿಗೆ ಡಬ್ಬಿ, ಮಡಿಲಲ್ಲಿ ಮೂರು ವರ್ಷದ ಮಗ. ಹಿಂದೆ ಸೀಟೆಲ್ಲಿತ್ತು? ಆಲಪ್ಪುಳ ದಾಟುವಾಗ ತುಲಾವರ್ಷದ ಮಳೆ ಹಿಡಿಯಿತು. ಅಂಬಲಪ್ಪುಳದ ಹತ್ತಿರ ರಸ್ತೆಯ ಮೇಲೆ ನಿಂತಿದ್ದ ನೀರನ್ನು ಹಾಯ್ದೆವು. ಸ್ವಲ್ಪ ಮುಂದೆ ಒಂದು ಬಸ್ಸು ನಿಂತಿತು. ನಾನು ಬ್ರೇಕು ಒತ್ತಿದೆ. ಪೆಡಲ್ ಗಟ್ಟಿಯಾಗೇ ಇತ್ತು, ಕಾರು ನಿಲ್ಲಲಿಲ್ಲ.

ಕಾರಣ ಆಮೇಲೆ ತಿಳಿಯಿತು. ನೀರು ಹಾಯ್ದ ಮೇಲೆ ಡ್ರಮ್ಮಿಗೂ ಲೈನಿಂಗಿಗೂ ನಡುವೆ ಒದ್ದೆ ಉಳಿಯುತ್ತದೆ. ಪೆಡಲನ್ನು ಮೆಲ್ಲಗೆ ಒತ್ತುತ್ತಾ ಸ್ವಲ್ಪ ದೂರ ಓಡಿಸಿ ಅದನ್ನು ಆರಿಸಿಕೊಳ್ಳಬೇಕು. ಟೈರು ಅಗಲವಾದಷ್ಟೂ ಕಾರಿನ ಭಾರ ಹರಡಿಹೋಗುತ್ತದೆ, ಹಗುರ ಕಾರು ನೀರನ್ನು ಸೀಳದೆ ಅದರ ಮೇಲೆ ತೇಲುತ್ತದೆ. ನಾನು ದುಡ್ಡು ಸುರಿದು ಮಾಡಿಸಿದ ಒಂದೊಂದೂ ಆ ಕ್ಷಣ ನನಗೆ ತಿರುಗಿಬಿತ್ತು. ಬಸ್ಸನ್ನು ತಪ್ಪಿಸಲು ಹೋಗಿ ಗದ್ದೆಯ ಬದುವಿಗೆ ಗುದ್ದಿದೆ. ಮಗನ ಹಣೆ ಡ್ಯಾಶ್‌ಬೋರ್ಡಿಗೆ ಬಡಿಯಿತು. ಮೂರು ಹೊಲಿಗೆ. ನನ್ನಾಕೆ ಆ ದಿನ ಏನೂ ಅನ್ನಲಿಲ್ಲ. ಆಮೇಲೂ ಅನ್ನಲಿಲ್ಲ, ಅದೇ ಕಷ್ಟ.

ಒಡೆದ ಮುಂಭಾಗವನ್ನು ಕಾರಿನ ವರ್ಕ್‌ಶಾಪಿನವರು ಒಲ್ಲೆಂದರು, ತಗಡಾದರೆ ಬಡಿಯಬಹುದಿತ್ತು. ಕೊನೆಗೆ ಒಪ್ಪಿದವರು ವೈಪಿನ್‌ನಲ್ಲಿ ಮೀನಿನ ದೋಣಿ ರಿಪೇರಿ ಮಾಡುತ್ತಿದ್ದ ಒಬ್ಬ ಹಿರಿಯ ಮೇಸ್ತ್ರಿ. ಫೈಬರ್ ಚಾಪೆಯನ್ನು ಪದರ ಪದರವಾಗಿ ಹಾಸಿ, ರೆಸಿನ್ ಬಳಿದು, ಒಣಗಿದ ಮೇಲೆ ಉಜ್ಜುವುದು. ಗಾಳಿಯಲ್ಲಿ ತೇವವಿದ್ದರೆ ಸರಿಯಾಗಿ ಗಟ್ಟಿಯಾಗದು ಎಂದು ಮಳೆ ಬಿಡುವವರೆಗೆ ಕಾಯಿಸಿದರು. ಕಾರಿನೊಳಗೆ ಇಣುಕಿ ಅವರು ಕೇಳಿದ್ದು ಒಂದೇ ಮಾತು: "ಮಗು ಎಲ್ಲಿ ಕೂತಿತ್ತು?"

ಡಿಸೆಂಬರಿನಲ್ಲಿ ಅಟ್ಟದಿಂದ ಸೀಟು ಇಳಿಸಿದೆ. ಬೆಂಗಳೂರಿಗೆ ಹೋಗಿ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಎರಡು ದಿನ ಅಲೆದು ಹೊಸ ಲೈನಿಂಗ್, ವೀಲ್ ಸಿಲಿಂಡರ್, ಶಾಕ್ ಅಬ್ಸಾರ್ಬರ್ ತಂದೆ. (ಅಲ್ಲಿ ಕನ್ನಡದಲ್ಲಿ ಚೌಕಾಸಿ ಮಾಡಿ ನೋಡಿ, ನಿಮ್ಮ ಅಪ್ಪ ಅಮ್ಮ ಮನೆಯಲ್ಲಿ ಕಲಿಸಿದ್ದು ಎಲ್ಲಿ ಉಪಯೋಗಕ್ಕೆ ಬರುತ್ತದೆಂದು ಗೊತ್ತಾಗುತ್ತದೆ.) ಕತ್ತರಿಸದ ಸ್ಪ್ರಿಂಗು, ಮೊದಲಿನ ಅಳತೆಯ ಟೈರು, ಸೀಟ್ ಬೆಲ್ಟು. ಎಂಜಿನ್ನಿನ ಹುಚ್ಚು ಪೂರ್ತಿ ಬಿಟ್ಟೆನೆಂದು ಸುಳ್ಳು ಹೇಳಲಾರೆ.

ಮರುವರ್ಷ ತಿರುವನಂತಪುರ ಮುಟ್ಟಿದೆವು. ಆ ಊರಿನಲ್ಲಿ ಕಾರಿನ ಮಾತು ಬಂದರೆ ಉತ್ರಾಡಂ ತಿರುನಾಳ್ ಮಾರ್ತಾಂಡ ವರ್ಮ ಅವರ ಹಳೆಯ ಮರ್ಸಿಡಿಸ್ 180ರ ಹೆಸರು ಬರದೆ ಇರುತ್ತಿರಲಿಲ್ಲ. ಐವತ್ತರ ದಶಕದಲ್ಲಿ ಕೊಂಡದ್ದು, ನಂಬರು ನಮ್ಮ ಕರ್ನಾಟಕದ್ದು: ಸಿ.ಎ.ಎನ್. 42. 2013ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ಬೇರೆಯವರಿಗೆ ಬಿಟ್ಟುಕೊಡಲಿಲ್ಲ. ಅರಮನೆಯವರೆಂದು ಬದಿಗಿಡಬೇಡಿ, ಒಂದೇ ಕಾರನ್ನು ಅಷ್ಟು ವರ್ಷ ಜೋಪಾನ ಮಾಡುವುದೂ ಒಂದು ಮೋಹವೇ.

ಈಗ ಕಾನೂನೂ ಬಿಗಿಯಾಗಿದೆ. ಕೇರಳದಿಂದಲೇ ಹೋದ ಪ್ರಕರಣವೊಂದರಲ್ಲಿ 2019ರ ಜನವರಿ 9ರಂದು ಸುಪ್ರೀಂ ಕೋರ್ಟು, ತಯಾರಕರು ಕೊಟ್ಟ ಮೂಲ ಸ್ವರೂಪಕ್ಕೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದಿತು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ. ವೇಗ ಬೇಕೇ? ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಕೊಚ್ಚಿಯಿಂದ ನಾಲ್ಕೈದು ಗಂಟೆಯ ದಾರಿ. ಅಲ್ಲಿ ಎದುರಿಗೆ ಬಸ್ಸು ಬರುವುದಿಲ್ಲ.

ಕಳೆದ ಭಾನುವಾರ ಆ ಹುಡುಗ ಡಾಲ್ಫಿನ್ ನೋಡಲು ಬಂದಿದ್ದ. ಬಾನೆಟ್ ತೆರೆಯುತ್ತಾನೆಂದುಕೊಂಡೆ. ಬಾಗಿ ಹಿಂದಿನ ಸೀಟಿಗೆ ನುಸುಳಿ ಕೂತ, ಮಂಡಿ ಎದೆಗೆ ತಾಗಿತು. "ಇಷ್ಟು ಇಕ್ಕಟ್ಟಾ ಅಂಕಲ್?" ಎಂದ. ಬಾಗಿಲ ಬಳಿ ನಿಂತಿದ್ದ ನನ್ನಾಕೆ ನಕ್ಕಳು. ಬರುವ ಭಾನುವಾರ ಬ್ರೇಕ್ ಲೈನಿಂಗ್ ಬದಲಿಸುವ ಕೆಲಸವಿದೆ, ಬೆಳಿಗ್ಗೆ ಏಳಕ್ಕೇ ಬಾ ಎಂದಿದ್ದೇನೆ.