ಪೇದೆಗೆ ಕನ್ನಡ, ಪೈಲಟ್‌ಗೆ ಯಾಕಿಲ್ಲ?

ಭೀಮಾ ದಂಡೆಯ ದೇವಣಗಾಂವದಲ್ಲಿ ಒಬ್ಬ ಕೂಲಿಕಾರನ ಮಗ ವಾಯುಸೇನೆಯ ವಿಮಾನ ಹಾರಿಸಬೇಕೆಂದು ಆಸೆಪಟ್ಟರೆ ಅವನಿಗೆ ಬೇಕಾದದ್ದೇನು? "ದುಡ್ಡು" ಎಂದು ಊರ ದೊಡ್ಡವರು ಥಟ್ಟನೆ ಹೇಳಿಬಿಡುತ್ತಾರೆ. ಇದು ಸುಳ್ಳು. ಈ ಸುಳ್ಳನ್ನು ಮೊದಲು ಒಡೆಯಬೇಕು. ಬಳಿಕ ನಿಜವಾದ ಗೋಡೆ ಎಲ್ಲಿದೆಯೆಂಬದನ್ನು ನೋಡಬೇಕು.

ಖಾಸಗಿ ಕಂಪನಿಯ ವಿಮಾನ ನಡೆಸುವ ಪರವಾನಿಗೆಗೆ 200 ಗಂಟೆ ಹಾರಬೇಕು, ಅದಕ್ಕೆ ಹತ್ತಾರು ಲಕ್ಷ ಸುರಿಯಬೇಕು. ಅದು ಉಳ್ಳವರ ಹಾದಿ. ಆದರೆ ಸೇನೆಯ ಪೈಲಟ್ ಆಗುವವನ ಶಿಕ್ಷಣ, ಊಟ, ವಸತಿ, ಸಮವಸ್ತ್ರ ಎಲ್ಲವೂ ಸರಕಾರದ ಖರ್ಚು. ಕೈಖರ್ಚು ಮಾತ್ರ ಮನೆಯವರದು. ಪರೀಕ್ಷೆಯ ಅರ್ಜಿಗೆ 100 ರೂಪಾಯಿ. ಪರಿಶಿಷ್ಟರಿಗೂ ಹೆಣ್ಣುಮಕ್ಕಳಿಗೂ ಅದೂ ಇಲ್ಲ. ಬಡವನ ಮಗ ಆಕಾಶಕ್ಕೇರಲು ಈ ದೇಶದಲ್ಲಿರುವ ದೊಡ್ಡ ಬಾಗಿಲು ಇದೇ.

ಶರತ್ತುಗಳೇನು? ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ. ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ. ಎತ್ತರ 162.5 ಸೆಂ.ಮೀ.; ಕಾಲಿನ ಉದ್ದ 99ರಿಂದ 120 ಸೆಂ.ಮೀ. ಒಳಗೆ. ಕಣ್ಣು ಚೊಕ್ಕಟವಿರಬೇಕು, ಬಣ್ಣ ಸರಿಯಾಗಿ ಗುರುತಿಸಬೇಕು. ಕೇಂದ್ರ ಲೋಕಸೇವಾ ಆಯೋಗ ವರ್ಷಕ್ಕೆ ಎರಡು ಸಲ ಪರೀಕ್ಷೆ ನಡೆಸುತ್ತದೆ: ಗಣಿತಕ್ಕೆ 300 ಅಂಕ, ಸಾಮಾನ್ಯ ಸಾಮರ್ಥ್ಯಕ್ಕೆ 600. ಗೆದ್ದವರಿಗೆ ಐದು ದಿನದ ಆಯ್ಕೆ ಮಂಡಳಿ. ಅದಕ್ಕೆ 900 ಅಂಕ. ಪೈಲಟ್ ಆಗಬಯಸುವವರಿಗೆ ಯಂತ್ರದ ಮೇಲೆ ಕೈಚಳಕ ನೋಡುವ ಇನ್ನೊಂದು ಪರೀಕ್ಷೆಯುಂಟು. ಅದು ಜನ್ಮಕ್ಕೆ ಒಂದೇ ಸಲ. ಸೋತವನಿಗೆ ಮತ್ತೆ ಅವಕಾಶವಿಲ್ಲ. ಇದೆಲ್ಲ ದಾಟಿದವರಿಗೆ ಖಡಕ್‌ವಾಸ್ಲಾದಲ್ಲಿ ಮೂರು ವರ್ಷ, ಆಮೇಲೆ ಹೈದರಾಬಾದ್ ಬಳಿಯ ದುಂಡಿಗಲ್‌ದಲ್ಲಿ ಹಾರಾಟದ ಕಲಿಕೆ. ಅಲ್ಲಿ ಕಲಿಯುವಾಗಲೇ ತಿಂಗಳಿಗೆ 56,100 ರೂಪಾಯಿ ಸಿಗುತ್ತದೆ.

ದೇಹದ ಅಳತೆಯ ಬಗ್ಗೆ ನಮ್ಮ ತಕರಾರಿಲ್ಲ. ಕಾಲು ಪೆಡಲಿಗೆ ಮುಟ್ಟಬೇಕು, ಕಣ್ಣು ದೂರದ್ದನ್ನು ಕಾಣಬೇಕು. ನಮ್ಮ ತಕರಾರು ಪ್ರಶ್ನೆಪತ್ರಿಕೆಯ ಭಾಷೆಯ ಮೇಲೆ. ಅದು ಬರುವದು ಹಿಂದಿ ಮತ್ತು ಇಂಗ್ಲಿಷಿನಲ್ಲಿ ಮಾತ್ರ. ಹಿಂದಿ ಸೀಮೆಯ ಹುಡುಗ ತ್ರಿಕೋನದ ಲೆಕ್ಕವನ್ನು ತಾಯಿನುಡಿಯಲ್ಲಿ ಓದುತ್ತಾನೆ. ಹತ್ತನೆಯ ಇಯತ್ತೆಯ ತನಕ ಕನ್ನಡದಲ್ಲಿ ಕಲಿತ ನಮ್ಮ ಹುಡುಗ ಅದೇ ಲೆಕ್ಕವನ್ನು ಪರನುಡಿಯಲ್ಲಿ ತಡಕಾಡುತ್ತಾನೆ. ತಪ್ಪು ಉತ್ತರಕ್ಕೆ ಅಂಕ ಕಡಿತ ಬೇರೆ!

"ವಿಮಾನದ ರೇಡಿಯೋ ಮಾತು ಇಂಗ್ಲಿಷಿನಲ್ಲಲ್ಲವೇ?" ಎಂದು ಪಂಡಿತರು ಕೇಳುತ್ತಾರೆ. ಹೌದು. ಹಾರುವವನಿಗೆ ಇಂಗ್ಲಿಷ್ ಬೇಕು. ಅದನ್ನು ಅಳೆಯಲು ಇದೇ ಪರೀಕ್ಷೆಯಲ್ಲಿ 200 ಅಂಕದ ಇಂಗ್ಲಿಷ್ ಭಾಗವಿದೆ, ಅದು ಇರಲಿ. ಆದರೆ ಗಣಿತ, ವಿಜ್ಞಾನ, ಭೂಗೋಲಕ್ಕೆ ಇಂಗ್ಲಿಷಿನ ಹಂಗೇಕೆ? ಹಿಂದಿಯಲ್ಲಿ ಲೆಕ್ಕ ಬಿಡಿಸಿದವನು ಪೈಲಟ್ ಆಗಬಹುದಾದರೆ ಕನ್ನಡದಲ್ಲಿ ಬಿಡಿಸಿದವನು ಯಾಕಾಗಬಾರದು?

ಇದು ಸಾಧ್ಯವಿಲ್ಲದ ಮಾತೂ ಅಲ್ಲ. ಡಾಕ್ಟರಿಕೆಯ ನೀಟ್ ಪರೀಕ್ಷೆ ಕನ್ನಡದಲ್ಲಿದೆ. ಇಂಜಿನಿಯರಿಕೆಯ ಜೆಇಇ ಮೇನ್ 2021ರಿಂದ ಕನ್ನಡದಲ್ಲಿದೆ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಪೇದೆ ನೇಮಕಾತಿಯ ಪರೀಕ್ಷೆಯನ್ನು 2024ರಿಂದ ಕನ್ನಡದಲ್ಲೂ ನಡೆಸಿದ್ದಾರೆ. ಗೆಳೆಯರೆ, ಇದರ ಅರ್ಥವನ್ನು ತಿಳಿದುಕೊಳ್ಳಿ! ಬಂದೂಕು ಹೊತ್ತು ಗಡಿ ಕಾಯಲು ಕನ್ನಡದ ಹುಡುಗ ನಡೆಯುತ್ತಾನೆ; ಅಧಿಕಾರಿಯಾಗಿ ವಿಮಾನವೇರಲು ಅವನ ನುಡಿ ನಡೆಯುವದಿಲ್ಲ.

ಯುದ್ಧವಿಮಾನದ ಪೈಲಟ್‌ಗಳು ಪಳಗುವ ಹಾಕ್ ವಿಮಾನಗಳನ್ನು ಜೋಡಿಸಿದವರು ಬೆಂಗಳೂರಿನ ಎಚ್‌ಎಎಲ್ ಕಾರ್ಮಿಕರು. ಆ ಕಲಿಕೆ ನಡೆಯುವದು ನಮ್ಮ ಬೀದರದಲ್ಲಿ. ವಾಯುಸೇನೆಯ ಆಯ್ಕೆ ಮಂಡಳಿಯೊಂದು ಕೂತಿರುವದು ನಮ್ಮ ಮೈಸೂರಿನಲ್ಲಿ. ನೆಲ ನಮ್ಮದು, ಬೆವರು ನಮ್ಮದು. ಪ್ರಶ್ನೆಪತ್ರಿಕೆ ಮಾತ್ರ ನಮ್ಮದಲ್ಲ.

ಸೇನಾಧಿಕಾರಿಗಳಲ್ಲಿ ಕೆಲವೇ ಪ್ರಾಂತ, ಕೆಲವೇ ವರ್ಗದವರು ತುಂಬಿದ್ದಾರೆಂದೇ 1961ರಲ್ಲಿ ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಸೈನಿಕ ಶಾಲೆಗಳ ಯೋಜನೆ ತಂದರು. ವಿಜಯಪುರದ ಶಾಲೆ 1963ರ ಸೆಪ್ಟೆಂಬರ್ 16ರಂದು ತೆರೆಯಿತು. ಇಂದು ಅದರ ಆರನೆಯ ಇಯತ್ತೆಯ ಪ್ರವೇಶ ಪರೀಕ್ಷೆ ಕನ್ನಡದಲ್ಲಿ ಉಂಟು. ಒಂಬತ್ತನೆಯದಕ್ಕೆ ಇಂಗ್ಲಿಷ್ ಮಾತ್ರ. ಹತ್ತು ಹನ್ನೊಂದನೆಯ ವಯಸ್ಸಿಗೆ ಸುದ್ದಿ ತಿಳಿಯದ ಬಡವನ ಮಗುವಿಗೆ ಅಲ್ಲಿಯೂ ಬಾಗಿಲು ಮುಚ್ಚಿತು.

ಆದ್ದರಿಂದ ನಮ್ಮ ಬೇಡಿಕೆ ಮೂರು. ಲೋಕಸೇವಾ ಆಯೋಗ ಈ ಪರೀಕ್ಷೆಯ ಪ್ರಶ್ನೆಗಳನ್ನು, ಇಂಗ್ಲಿಷ್ ಭಾಗ ಬಿಟ್ಟು, ಕನ್ನಡದಲ್ಲಿ ಕೊಡಬೇಕು. ಸೈನಿಕ ಶಾಲೆಯ ಒಂಬತ್ತನೆಯ ಇಯತ್ತೆಯ ಪರೀಕ್ಷೆಯೂ ಕನ್ನಡದಲ್ಲಿ ಆಗಬೇಕು. ಹಳ್ಳಿಯ ಸರಕಾರಿ ಶಾಲೆಗಳಲ್ಲಿ ಗಣಿತದ ಮಾಸ್ತರರ ಹುದ್ದೆ ಒಂದು ದಿನವೂ ಖಾಲಿ ಇರಕೂಡದು. ಲೋಕಸಭಾ ಸದಸ್ಯರು ಓಟು ಕೇಳಲು ಬಂದಾಗ ಈ ಮೂರನ್ನೇ ಕೇಳಿರಿ.

ಬೇಡಿಕೆ ಈಡೇರುವ ತನಕ ಕೈಕಟ್ಟಿ ಕೂಡುವದೂ ಬೇಡ. ಗಿರಣಿಯ ಅಣ್ಣಗಳೆ, ಅಂಗಡಿಯ ತಮ್ಮಗಳೆ, ಮಗ ಐದನೆಯ ಇಯತ್ತೆಯಲ್ಲಿದ್ದರೆ ಈಗಲೇ ಸೈನಿಕ ಶಾಲೆಯ ಅರ್ಜಿ ವಿಚಾರಿಸಿರಿ. ಮಗಳಿದ್ದರೂ ವಿಚಾರಿಸಿರಿ, 2021ರಲ್ಲಿ ಸುಪ್ರೀಂ ಕೋರ್ಟ್ ಖಡಕ್‌ವಾಸ್ಲಾದ ಪರೀಕ್ಷೆಯನ್ನು ಹೆಣ್ಣುಮಕ್ಕಳಿಗೂ ತೆರೆಸಿತು. ಕಣ್ಣು ತೋರಿಸಿರಿ, ಗಣಿತ ಬಿಡಿಸಬೇಡಿರಿ. ದುಡ್ಡಿಲ್ಲವೆಂದು ಮಕ್ಕಳ ಆಸೆಗೆ ನೀವೇ ಕತ್ತರಿ ಹಾಕಬೇಡಿರಿ.